ದೊಡ್ಡಮ್ಮನ ವಾತಚಿಕಿತ್ಸೆ

ನಮ್ಮ ದೊಡ್ಡಮ್ಮನನ್ನು ಮಂಗಳೂರಿನ ಒಬ್ಬ ಡಾಕ್ಟರ ಎದುರು ಕೂರಿಸಲು ನನಗೆ ತಗಲಿದ ಖರ್ಚನ್ನು ಮೊದಲೇ ಹೇಳಿಬಿಡುತ್ತೇನೆ. ಬಾಡಿಗೆ ಕಾರಿಗೆ ಮುನ್ನೂರು, ಎಕ್ಸ್‌ರೇ ಮತ್ತು ರಕ್ತಪರೀಕ್ಷೆಗೆ ಇನ್ನೂರ ಎಂಬತ್ತು, ಡಾಕ್ಟರಿಗೆ ಅರುವತ್ತು, ತಾಮ್ರದ ಹಂಡೆ ಒಂದು, ಕೈಮಗ್ಗದ ಸೀರೆ ಒಂದು, ಮತ್ತು ಹೊಸಂಗಡಿ ಪೇಟೆಯಲ್ಲಿ ಹದಿನೈದು ವರ್ಷ ಬೆವರು ಸುರಿಸಿ ಸಂಪಾದಿಸಿದ ನನ್ನ ಮಾನ. ಇಷ್ಟು ಯಾಕಾಯಿತು? ಒಂದೂವರೆ ವರ್ಷ ತಡವಾದ ಕಾರಣಕ್ಕೆ. ಔಷಧಿಯೋ, ಇವೆಲ್ಲಕ್ಕಿಂತ ಅಗ್ಗ! ಸರಿಯಾದ ಹೊತ್ತಿಗೆ ಹೋಗಿದ್ದರೆ ಬಸ್ಸಿನಲ್ಲೇ ಮುಗಿಯುತ್ತಿತ್ತು. ಇದು ತೊಂಬತ್ತಮೂರನೆಯ ಇಸವಿಯ ಮಾತು.

ದೊಡ್ಡಮ್ಮನ ಪ್ರಕಾರ ಲೋಕದಲ್ಲಿ ಎರಡೇ ಬಗೆಯ ಜನ: ವಾತ ಇರುವವರು, ಮತ್ತು ತಮಗೆ ವಾತ ಉಂಟೆಂದು ಇನ್ನೂ ಗೊತ್ತಾಗದವರು. ಮೂರನೆಯ ಬಗೆ ಅವರೊಬ್ಬರೇ. ಅವರಿಗೆ ವಾತ ಇಲ್ಲ. ಅವರು ವಾತದ ಡಾಕ್ಟರು.

ಈ ಪದವಿ ಸುಮ್ಮನೆ ಬಂದದ್ದಲ್ಲ. ನನಗೆ ಎರಡು ವರ್ಷವಾಗುವಾಗ ಅಮ್ಮ ತೀರಿಕೊಂಡಳು. ಆಮೇಲೆ ನನ್ನನ್ನು ಸಾಕಿದವರು ಅಪ್ಪನ ಅಣ್ಣನ ಹೆಂಡತಿಯಾದ ಈ ದೊಡ್ಡಮ್ಮ. ದೊಡ್ಡಪ್ಪನೂ ಇರಲಿಲ್ಲ. ಬಾಣಂತಿಯರಿಗೆ ಎಣ್ಣೆ ತಿಕ್ಕಿ ಬಿಸಿನೀರು ಮೀಯಿಸುವುದು, ಹಸುಗೂಸುಗಳನ್ನು ನಲುವತ್ತು ದಿನ ಮೀಯಿಸಿ ತಟ್ಟಿ ಮಲಗಿಸುವುದು ಅವರ ಕೆಲಸ. ರೈಲ್ವೆ ಗೇಟಿನ ಆಚೆಗೂ ಈಚೆಗೂ, ಹಿಂದುಗಳಿರಲಿ ಬ್ಯಾರಿಗಳಿರಲಿ ಕ್ರಿಸ್ತಾನ ಪೊರ್ಬುಗಳಿರಲಿ, ದೊಡ್ಡಮ್ಮನ ಕೈ ತಾಗದ ಮನೆ ಕಡಿಮೆ. ಈಗ ಪೇಟೆಯಲ್ಲಿ ಮೀಸೆ ತಿರುವುತ್ತಾ ನಡೆಯುವವರಲ್ಲಿ ಅರ್ಧ ಜನ ಒಂದು ಕಾಲದಲ್ಲಿ ಅವರ ಮೊಣಕಾಲ ಮೇಲೆ ಮಕಾಡೆ ಮಲಗಿ ಬೊಬ್ಬೆ ಹೊಡೆದವರೇ. ಅಂಥವರ ನೋವಿಗೆ ದೊಡ್ಡಮ್ಮ ಹೆಸರಿಡಬಾರದೇ?

ಹೆಸರು ಒಂದೇ, ವಾತ. ಕಾರಣವೂ ಒಂದೇ: ಬಟಾಟೆ, ಕಡ್ಲೆ, ಹಲಸಿನಹಣ್ಣು. ಔಷಧಿಯೂ ಒಂದೇ: ಕಾಯಿಸಿದ ಎಣ್ಣೆಯಲ್ಲಿ ಚೆನ್ನಾಗಿ ತಿಕ್ಕಿ, ನೆಕ್ಕಿಸೊಪ್ಪು ಕುದಿಸಿದ ನೀರು ಹೊಯ್ದು, ಎಕ್ಕದ ಎಲೆ ಬಿಸಿಮಾಡಿ ಕಟ್ಟುವುದು. ಗುಣವಾಯಿತೋ, ಎಣ್ಣೆಯ ಪ್ರಭಾವ. ಆಗಲಿಲ್ಲವೋ, "ನೀನು ಕದ್ದು ಬಟಾಟೆ ತಿಂದಿದ್ದಿ!" ಇಂಥ ಗಟ್ಟಿ ವ್ಯವಹಾರ ನನ್ನ ಅಂಗಡಿಯಲ್ಲೂ ಇಲ್ಲ. ಚಪ್ಪಲಿ ಹರಿದರೆ ನನಗೆ ಬೈಸಿಕೊಳ್ಳಲೇಬೇಕು.

ಹೌದು, ನನ್ನದು ಚಪ್ಪಲಿ ಅಂಗಡಿ. ರಸ್ತೆಬದಿಯಲ್ಲಿ ಗೋಣಿ ಹಾಸಿ ಶುರುಮಾಡಿ ಶಟರಿನ ಅಂಗಡಿಗೆ ಬಂದವನು. ದಿನಕ್ಕೆ ನೂರು ಕಾಲು ನೋಡುವವನಿಗೆ ಸ್ವಲ್ಪ ವಿದ್ಯೆ ತಾನಾಗಿ ಹತ್ತುತ್ತದೆ. ಹಳೆಯ ಚಪ್ಪಲಿಯ ಅಡಿ ತಿರುಗಿಸಿ ನೋಡಿ, ಗಿರಾಕಿಗೆ ಯಾವ ಮೊಣಕಾಲು ನೋಯುತ್ತದೆಂದು ಹೇಳಬಲ್ಲೆ. ಹೀಗಾಗಿ ಒಂದೇ ಮನೆಯಲ್ಲಿ ಇಬ್ಬರು ಡಾಕ್ಟರು! ಊಟಕ್ಕೆ ಬಡಿಸುವ ನನ್ನ ಹೆಂಡತಿಗೆ ಎಷ್ಟು ತಾಳ್ಮೆ ಇರಬೇಕು, ನೀವೇ ಯೋಚಿಸಿ.

ನನ್ನ ಅಂಗಡಿಯ ಪಕ್ಕದಲ್ಲಿ ಹಾಜಿಕ್ಕನ ಜಿನಸಿ ಅಂಗಡಿ. ಒಂದು ಬೆಳಿಗ್ಗೆ ಹಾಜಿಕ್ಕ ಎಡಗಾಲಿಗೆ ಚಪ್ಪಲಿ ಇಲ್ಲದೆ, ಕೊಡೆಯನ್ನು ಊರುಗೋಲು ಮಾಡಿಕೊಂಡು ಬಂದರು. ಮಲಗುವಾಗ ಸರಿಯಾಗಿಯೇ ಇದ್ದ ಹೆಬ್ಬೆರಳ ಬುಡ ಏಳುವಾಗ ಮಾಗಿದ ಪುನರ್ಪುಳಿ ಹಣ್ಣಿನಂತೆ ಕೆಂಪಾಗಿ ಉಬ್ಬಿತ್ತು. ಹೊದಿಕೆಯ ಅಂಚು ತಾಗಿದರೂ ಜೀವ ಹೋಗುತ್ತದೆ ಎಂದರು. ನನಗೆ ಬುತ್ತಿ ತಂದಿದ್ದ ದೊಡ್ಡಮ್ಮನ ಕಣ್ಣು ಅಲ್ಲಿಗೆ ಬಿತ್ತು.

"ಹಾಜಿಕ್ಕ, ಕಾಲು ಇಲ್ಲಿ ಕೊಡಿ. ವಾತ."

"ಬೇಡ ದೊಡ್ಡಮ್ಮ, ಮುಟ್ಟಬೇಡಿ..."

ಅಷ್ಟರಲ್ಲಿ ಮುಟ್ಟಿ ಆಗಿತ್ತು. ಮುಟ್ಟಿದ್ದಲ್ಲ, ತಿಕ್ಕಿಯೇ ಆಗಿತ್ತು. ಹಾಜಿಕ್ಕ ಹಾಕಿದ ಬೊಬ್ಬೆಗೆ ಜಂಕ್ಷನಿನಲ್ಲಿ ಹೊರಟಿದ್ದ ಬಸ್ಸು ನಿಂತಿತು; ಯಾರೋ ಅಡಿಗೆ ಬಿದ್ದರೆಂದು ಕಂಡಕ್ಟರ್ ಇಳಿದು ಚಕ್ರ ನೋಡಿದ!

"ಒಂದು ಬೆರಳಿಗೆ ಇಷ್ಟು ಬೊಬ್ಬೆಯಾ? ನಿಮ್ಮ ಹೆಂಡತಿ ಏಳು ಹೆತ್ತಳು, ಹೀಗೆ ಬೊಬ್ಬೆ ಹಾಕಲಿಲ್ಲ. ನಾನೇ ಇದ್ದೆ ಅಲ್ಲಿ," ಎಂದರು ದೊಡ್ಡಮ್ಮ.

ಕಾಸರಗೋಡಿನ ಡಾಕ್ಟರು ರಕ್ತ ನೋಡಿ, ಇದು ಗೌಟ್, ಯೂರಿಕ್ ಆಮ್ಲ ಹೆಚ್ಚಾಗಿ ಗಂಟಿನೊಳಗೆ ಹರಳು ಕಟ್ಟಿದೆ, ನೋವು ಜೋರಿರುವಾಗ ತಿಕ್ಕಲೇಬಾರದು, ಆಡಿನ ಲಿವರೂ ಭೂತಾಯಿ ಮೀನೂ ಕಡಿಮೆ ಮಾಡಿ ಎಂದು ಮಾತ್ರೆ ಬರೆದರು. ಒಂದು ವಾರದಲ್ಲಿ ಇಳಿಯಿತು. ದೊಡ್ಡಮ್ಮ ಸೋತರೇ? ಎಲ್ಲಿಯ ಮಾತು! "ತಿಂದದ್ದರಿಂದಲೇ ಬಂದದ್ದು ಅಂತ ಡಾಕ್ಟ್ರು ಕೂಡ ಹೇಳಿದ್ರಲ್ಲ? ನಾನು ಹೇಳಿದ್ದು ಬಟಾಟೆ, ಅವರು ಹೇಳಿದ್ದು ಭೂತಾಯಿ. ಅಷ್ಟೇ ವ್ಯತ್ಯಾಸ."

ಇನ್ನೊಬ್ಬರು ನಿವೃತ್ತ ಹೆಡ್‌ಮಾಸ್ಟರು. ಮೂವತ್ತು ವರ್ಷ ನಿಂತು ಪಾಠ ಹೇಳಿದ ಭಾರದ ದೇಹ. ನೆಲದಿಂದ ಏಳುವಾಗ, ಮೆಟ್ಟಿಲು ಇಳಿಯುವಾಗ ಮೊಣಕಾಲು ಕರಕರ ಎನ್ನುತ್ತದೆ. ಬೆಳಿಗ್ಗೆ ಹತ್ತು ನಿಮಿಷ ಬಿಗಿ, ನಡೆದಾಡಿದರೆ ಸಡಿಲ, ಸಂಜೆಗೆ ಪುನಃ ನೋವು. ಅವರ ಚಪ್ಪಲಿಯ ಅಡಿ ಒಳಬದಿಗೆ ಸವೆದು ಕಾಗದವಾಗಿತ್ತು. ಇದು ಗಂಟಿನ ತೇಯ್ಮಾನ, ಮಾಸ್ಟ್ರೇ, ಎಂದೆ ನಾನು. ವಾತ, ಎಂದರು ದೊಡ್ಡಮ್ಮ. ಮಾಸ್ಟರು ಬುದ್ಧಿವಂತರು, ಇಬ್ಬರ ಮಾತೂ ಕೇಳಿದರು. ಬೆಳಿಗ್ಗೆ ಎಕ್ಕದ ಎಲೆ, ಹಗಲಿಗೆ ನನ್ನಲ್ಲಿಯ ಮೆತ್ತಗಿನ ರಬ್ಬರಿನ ಚಪ್ಪಲಿ. ಆಮೇಲೆ ಡಾಕ್ಟರಲ್ಲಿಗೆ ಹೋದಾಗ ಅವರೂ ತೇಯ್ಮಾನವೆಂದೇ ಹೇಳಿ, ತೂಕ ಇಳಿಸಿ, ಕುರ್ಚಿಯಲ್ಲಿ ಕೂತು ಕಾಲು ನೀಡಿ ಎತ್ತಿ ತೊಡೆಗೆ ಬಲ ಬರಿಸಿ, ಚಕ್ಕಳಮಕ್ಕಳ ಕೂರಬೇಡಿ ಎಂದರಂತೆ. ಹಣ ಬೇಕಾಗದ ಔಷಧಿ! ಆದರೂ ಮಾಸ್ಟರು ನಾಲ್ಕು ದಿನ ಮಾತ್ರ ಕಾಲೆತ್ತಿದರು. ಜನಕ್ಕೆ ಪುಕ್ಕಟೆಯದ್ದರ ಮೇಲೆ ನಂಬಿಕೆ ಕಡಿಮೆ, ಇದು ನನ್ನ ಅನುಭವ.

ಹೀಗೆ ಊರಿನ ಗಂಟುಗಳನ್ನೆಲ್ಲ ಹೊರಗಿನಿಂದಲೇ ಓದುತ್ತಿದ್ದ ನಾವಿಬ್ಬರೂ ಸೇರಿ ಮನೆಯೊಳಗೆ ಮಾಡಿದ ಮೂರ್ಖತನವನ್ನು ಕೇಳಿ.

ದೊಡ್ಡಮ್ಮನ ಕಾಲಿಗೆ ಯಾವಾಗಲೂ ಆರನೇ ನಂಬರಿನ ಚಪ್ಪಲಿ. ಒಂದು ಸಲ ಅಂಗಡಿಗೆ ಬಂದು, "ಏಳು ಕೊಡು" ಎಂದರು.

"ನಿಮ್ಮದು ಆರಲ್ವಾ?"

"ಆರಕ್ಕೂ ಏಳಕ್ಕೂ ಒಂದೇ ಕ್ರಯ ಅಲ್ವಾ? ಮತ್ತೆ ಯಾಕೆ ಸಣ್ಣದು ಕೊಂಡುಹೋಗುವುದು? ರಬ್ಬರ್ ಹೆಚ್ಚು ಸಿಗುತ್ತದಲ್ಲ!"

ನನಗೆ ಎಷ್ಟು ಹೆಮ್ಮೆಯಾಯಿತು ಗೊತ್ತೇ? ನನ್ನ ವ್ಯಾಪಾರದ ಬುದ್ಧಿ ಎಲ್ಲಿಂದ ಬಂತೆಂದು ಅವತ್ತು ತಿಳಿಯಿತು. ಆರು ತಿಂಗಳು ಬಿಟ್ಟು ಎಂಟನೇ ನಂಬರು ಕೇಳಿದರು. ಪೇಟೆಯಲ್ಲೆಲ್ಲ ಹೇಳಿಕೊಂಡು ನಕ್ಕೆ. ಅರುವತ್ತರ ಮೇಲೆ ಯಾರ ಕಾಲಾದರೂ ಬೆಳೆಯುತ್ತದೆಯೇ? ಕಾಲಿನ ವಿದ್ವಾಂಸನಾದ ನನಗೆ ಆ ಪ್ರಶ್ನೆ ಹೊಳೆಯಲೇ ಇಲ್ಲ.

ಬೇರೆ ಸೂಚನೆಗಳೂ ಇದ್ದವು. ಐದಕ್ಕೆ ಒಲೆ ಹೊತ್ತಿಸುತ್ತಿದ್ದವರು ಎಂಟಕ್ಕೆ ಎದ್ದು ಬರುತ್ತಿದ್ದರು: "ರೇಡಿಯೋದಲ್ಲಿ ವಾರ್ತೆ ಕೇಳಿ ಏಳುವುದು ಒಳ್ಳೆಯದಂತೆ." ಎದ್ದವರು ಹಂಡೆಯ ಬಿಸಿನೀರಿನಲ್ಲಿ ಎರಡೂ ಕೈ ಮುಳುಗಿಸಿ ಕಾಲು ಗಂಟೆ ನಿಲ್ಲುತ್ತಿದ್ದರು: "ನೀರಿನ ಹದ ನೋಡುವುದು." ಚಹಾದ ಲೋಟವನ್ನು ಎರಡು ಅಂಗೈ ಸೇರಿಸಿ ಎತ್ತುತ್ತಿದ್ದರು: "ಚಳಿ." ಏಪ್ರಿಲ್ ತಿಂಗಳಿನಲ್ಲಿ ಹೊಸಂಗಡಿಯಲ್ಲಿ ಚಳಿ! ನಾನು ಅದನ್ನೂ ನಂಬಿದೆ. ಅವರ ನೂರು ವಿಚಿತ್ರಗಳಲ್ಲಿ ಇವು ಮೂರು ಎಂದುಕೊಂಡೆ. ಅದರ ಮೇಲೆ, ಬೇರೆ ಮನೆಗಳಿಗೆ ಮೀಯಿಸಲು ಹೋಗುವುದನ್ನು ನಿಲ್ಲಿಸಿದ್ದರು. ವಯಸ್ಸಾಯಿತು, ಮಗ ಚೆನ್ನಾಗಿದ್ದಾನೆ, ಇನ್ನು ಯಾಕೆ ಎಂದು ಊರಿಗೆ ಹೇಳಿದ್ದರು. ಅದೂ ನನಗೆ ಹೆಮ್ಮೆಯೇ.

ಆಗ ನನಗೆ ಮಗಳು ಹುಟ್ಟಿದಳು. ನನ್ನ ಹೆಂಡತಿಗೆ ತಾಯಿ ಇಲ್ಲ, ಬಾಣಂತನ ನಮ್ಮಲ್ಲೇ. ಊರಿನ ಮಕ್ಕಳನ್ನೆಲ್ಲ ಮೀಯಿಸಿದ ಕೈಗಳು ಮನೆಯಲ್ಲೇ ಇರುವಾಗ ನನಗೆ ಎಂಥ ಚಿಂತೆ? ಆಸ್ಪತ್ರೆಯಿಂದ ಬಂದ ದಿನ ಮಗುವನ್ನು ಎತ್ತಿಕೊಂಡು ಹೋಗಿ, "ದೊಡ್ಡಮ್ಮ, ನಾಳೆಯಿಂದ ನಿಮ್ಮ ಕೆಲಸ" ಎಂದೆ.

"ನಾನು ಮೀಯಿಸುವುದಿಲ್ಲ."

"ಎಂತಕ್ಕೆ?"

"ಆ ಅಲ್ಯುಮಿನಿಯಮಿನ ಹಂಡೆಯಲ್ಲಿ ಕಾಯಿಸಿದ ನೀರು ಮಗುವಿಗೆ ಆಗುವುದಿಲ್ಲ."

ನಾನು ವ್ಯಾಪಾರಿ. ಎದುರಿನವರು ಬೇಡ ಎಂದರೆ ಕ್ರಯ ಏರಿಸುತ್ತಿದ್ದಾರೆ ಎಂದೇ ನನ್ನ ತಿಳಿವಳಿಕೆ. ಮರುದಿನ ತಾಮ್ರದ ಹಂಡೆ ಬಂತು. ದೊಡ್ಡಮ್ಮ ಬೆರಳಿನಿಂದ ಕುಟ್ಟಿ ನೋಡಿ, "ಬಚ್ಚಲು ಜಾರುತ್ತದೆ" ಎಂದರು. ತೆಂಗಿನ ನಾರಿನ ಚಾಪೆ ಹಾಸಿಸಿದೆ. "ಮಣೆ ಎತ್ತರ ಸಾಲದು." ಬಡಗಿಯನ್ನು ಕರೆಸಿದೆ. "ಈ ತಿಂಗಳು ನನಗೆ ಒಳ್ಳೆಯದಿಲ್ಲ." ಕೊನೆಗೆ ನನ್ನ ಕೈಯಲ್ಲಿದ್ದ ದೊಡ್ಡ ಪಣ: ಕಾಸರಗೋಡಿನ ಕೈಮಗ್ಗದ ಸೀರೆ ತಂದು ಮಡಿಲಲ್ಲಿಟ್ಟೆ.

"ಸೀರೆ ಕೊಟ್ಟರೆ ಮೀಯಿಸುತ್ತೇನಾ? ನಾನೆಂತ ಸಂಬಳದವಳಾ?" ಎಂದವರು ಎದ್ದು ಒಳಗೆ ಹೋದರು. ಸೀರೆ ನೆಲಕ್ಕೆ ಬಿತ್ತು.

ನನಗೂ ಸಿಟ್ಟು ಬಂತು. "ಊರಿನವರ ಮಕ್ಕಳಾದರೆ ಆಗುತ್ತದೆ, ನನ್ನ ಮಗಳು ಆಗುವುದಿಲ್ಲ! ಎಷ್ಟು ಕೊಟ್ಟರೂ ಏರಿಸುವುದು!" ಎಂದು ಕೋಣೆಗೆ ಬಂದು ಹೆಂಡತಿಯ ಮುಂದೆ ಹಾರಾಡಿದೆ. ತೆರೆದ ಬಾಗಿಲಿನಿಂದ ಎಲ್ಲ ನೋಡಿದ್ದ ಅವಳು ಮಗುವನ್ನು ತೊಡೆಯಿಂದ ಪಕ್ಕಕ್ಕೆ ಮಲಗಿಸಿದಳು.

"ಏರಿಸುವುದಲ್ಲ ಮಾರಾಯ್ರೆ. ಸೀರೆ ಯಾಕೆ ಕೆಳಗೆ ಬಿತ್ತು ಅಂತ ನೋಡಿದ್ರಾ? ಎಸೆದದ್ದಲ್ಲ. ಹಿಡಿಯಲಿಕ್ಕೆ ಆಗಲಿಲ್ಲ. ದಿನಕ್ಕೆ ನೂರು ಕಾಲು ನೋಡ್ತೀರಿ, ಮನೆಯಲ್ಲಿ ಎರಡು ಕೈ ನೋಡಲಿಲ್ಲ."

ಒಳಗೆ ಹೋದೆ. ದೊಡ್ಡಮ್ಮ ಚಾಪೆಯ ಮೇಲೆ ಕೂತಿದ್ದರು. ಕೇಳದೆ ಕೈ ಹಿಡಿದೆ. ಬೆರಳ ಬುಡದ ಗಂಟುಗಳು ಎರಡೂ ಕೈಯಲ್ಲಿ ಒಂದೇ ಸಮ ಉಬ್ಬಿದ್ದವು; ಬಿಸಿ ಇತ್ತು, ಒತ್ತಿದರೆ ಮೆತ್ತಗೆ. ಮುಷ್ಟಿ ಕಟ್ಟಿ ಎಂದೆ. ಬೆರಳುಗಳು ಅರ್ಧ ದಾರಿಗೆ ಬಂದು ನಿಂತವು.

"ಸಣ್ಣ ಮಗು. ಎಣ್ಣೆ ಹಚ್ಚಿದ ಮೈ," ಎಂದರು. "ಜಾರಿದರೆ?"

ಹಿಡಿದ ಕೈಯನ್ನು ಮೆಲ್ಲಗೆ ಅವರ ಮಡಿಲಲ್ಲಿಟ್ಟೆ.

ಡಾಕ್ಟರಲ್ಲಿಗೆ ಹೊರಡಿಸುವುದು ಮುಂದಿನ ಯುದ್ಧ. "ವಾತದ ದೊಡ್ಡಮ್ಮನೇ ವಾತಕ್ಕೆ ಡಾಕ್ಟ್ರಲ್ಲಿಗೆ ಹೋದ್ರೆ ಊರಿನವರು ಎಂತ ಹೇಳುವುದು?" ಯಾರಿಗೂ ಗೊತ್ತಾಗುವುದಿಲ್ಲ, ಬಾಡಿಗೆ ಕಾರು ಮಾಡಿ ಬೆಳ್ಳಂಬೆಳಿಗ್ಗೆ ಹೋಗುವುದು ಎಂದು ಒಪ್ಪಿಸಿದೆ. ಆದರೆ ಹೊಸಂಗಡಿಯ ರೈಲ್ವೆ ಗೇಟು ಯಾರ ಗುಟ್ಟನ್ನು ಉಳಿಸಿದೆ ಹೇಳಿ? ನಮ್ಮ ಕಾರು ಬರುವುದಕ್ಕೂ ಗೇಟು ಬೀಳುವುದಕ್ಕೂ ಸರಿಹೋಯಿತು. ಇಪ್ಪತ್ತು ನಿಮಿಷ. ಎರಡೂ ಬದಿಯಲ್ಲಿ ಪರಿಚಯದವರೇ. ಹಾಜಿಕ್ಕ ಕಿಟಕಿಗೆ ಬಗ್ಗಿ, "ಕಾರು ಎಲ್ಲ ಮಾಡಿಕೊಂಡು ಎಲ್ಲಿಗೆ ದೊಡ್ಡಮ್ಮ? ಆಸ್ಪತ್ರೆಗಾ?" ಎಂದರು.

"ಹೌದು," ಎಂದರು ದೊಡ್ಡಮ್ಮ ಕಣ್ಣು ಮಿಟುಕಿಸದೆ. "ಇವನಿಗೆ ಮೂಲವ್ಯಾಧಿ. ನಾಚಿಕೆ ಇವನಿಗೆ, ಅದಕ್ಕೆ ನಾನು ಜೊತೆಗೆ."

ಸಂಜೆ ಅಂಗಡಿ ತೆರೆಯುವಾಗ ಬಾಗಿಲಲ್ಲಿ, ಮೂಲವ್ಯಾಧಿಗೆ ಮದ್ದೆಂದು ಯಾರೋ ಇಟ್ಟುಹೋದ ಸುವರ್ಣಗೆಡ್ಡೆ ಇತ್ತು! ಆಮೇಲೆ ಒಂದು ತಿಂಗಳು, ಚಪ್ಪಲಿ ಹಾಕಿ ನೋಡುತ್ತಾ ತಲೆ ಎತ್ತದೆ ನನಗೆ ಪಥ್ಯ ಹೇಳದ ಗಿರಾಕಿ ಇಲ್ಲ. ಒಬ್ಬರಂತೂ ನನ್ನ ಸ್ಟೂಲನ್ನು ನೋಡಿ ಕನಿಕರಪಟ್ಟು ಒಂದು ಮೆತ್ತೆಯನ್ನೇ ತಂದುಕೊಟ್ಟರು.

ಮಂಗಳೂರಿನ ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಹೆಂಗಸು. ದೊಡ್ಡಮ್ಮನ ಎರಡೂ ಕೈಯ ಗೆಣ್ಣುಗಳನ್ನು ಅಡ್ಡಕ್ಕೆ ಮೆಲ್ಲಗೆ ಹಿಂಡಿದರು. ಹಾಜಿಕ್ಕನಿಗೆ ಬುದ್ಧಿ ಹೇಳಿದ ಬಾಯಿಂದ "ಅಯ್ಯಮ್ಮಾ!" ಬಂತು.

"ಬೆಳಿಗ್ಗೆ ಎಷ್ಟು ಹೊತ್ತು ಬಿಗಿ ಇರುತ್ತದೆ ಅಮ್ಮ?"

"ಎದ್ದ ಮೇಲೆ ಎರಡು ಗಂಟೆ. ಇದು ವಾತ. ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ."

"ವಾತವೇ," ಎಂದರು ಡಾಕ್ಟರು. ದೊಡ್ಡಮ್ಮ ನನ್ನ ಕಡೆ ಗೆದ್ದ ಮುಖ ಮಾಡಿದರು. "ಆದರೆ ವಾತದಲ್ಲಿ ಬೇರೆ ಬೇರೆ ಉಂಟು. ನಿಮ್ಮ ಮನೆ ಬಾಗಿಲಿನ ಬಿಜಾಗ್ರಿ ಯೋಚಿಸಿ. ತೆರೆದು ಮುಚ್ಚಿ ಸವೆಯುತ್ತದಲ್ಲ, ಅದು ಒಂದು. ನಡುವೆ ಹೊಯ್ಗೆಯ ಹರಳು ಸಿಕ್ಕಿ ಕಚ್ಚುತ್ತದೆ, ಅದು ಇನ್ನೊಂದು. ನಿಮ್ಮದು ಇವೆರಡೂ ಅಲ್ಲ. ಮನೆ ಕಾಯಲು ಇಟ್ಟ ಕಾವಲುಗಾರನೇ ಕಳ್ಳ ಬಂದನೆಂದು ತಪ್ಪು ತಿಳಿದು ಎಲ್ಲ ಬಾಗಿಲಿನ ಬಿಜಾಗ್ರಿಗೂ ಬಡಿಯುತ್ತಿದ್ದಾನೆ. ಎರಡೂ ಕೈ, ಎರಡೂ ಪಾದ. ಪಾದವೂ ಬೀಗಿದೆ, ನೋಡಿ. ಚಪ್ಪಲಿ ಬಿಗಿಯಾಗಲಿಲ್ವಾ?"

ನಾನು ನೆಲ ನೋಡಿದೆ. ಏಳು, ಎಂಟು. ಪೇಟೆಗೆಲ್ಲ ಹೇಳಿ ನಕ್ಕದ್ದು.

ರುಮಟಾಯ್ಡ್ ಎಂದು ಅದಕ್ಕೆ ಹೆಸರು. ಎಕ್ಸ್‌ರೇಯಲ್ಲಿ ಬಲಗೈಯ ಎರಡು ಬೆರಳಿನ ಬುಡ ಆಗಲೇ ತಿಂದುಹೋಗಿತ್ತು. ಆ ಎರಡು ನೇರವಾಗುವುದಿಲ್ಲ, ಉಳಿದವನ್ನು ಉಳಿಸಬಹುದು ಎಂದರು ಡಾಕ್ಟರು. ಕಾವಲುಗಾರನನ್ನು ಅಡಗಿಸುವ ಮಾತ್ರೆ ವಾರದಲ್ಲಿ ಒಂದೇ ದಿನ. ದಿನವೂ ತೆಗೆದುಕೊಂಡರೆ ಪ್ರಾಣಕ್ಕೆ ಅಪಾಯ ಎಂದು ಚೀಟಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದರು. ವಾರದ ಇನ್ನೊಂದು ದಿನ ಒಂದು ವಿಟಮಿನ್ ಮಾತ್ರೆ, ಆಗಾಗ ರಕ್ತಪರೀಕ್ಷೆ. ಬಿಸಿನೀರಿನಲ್ಲಿ ಕೈ ಇಡಬಹುದು, ಬೀಗಿರುವಾಗ ತಿಕ್ಕಬಾರದು.

"ವಾರಕ್ಕೆ ಒಂದು ದಿನ? ಇದೆಂತ ಮಾತ್ರೆಯಾ, ಸೋಮವಾರದ ಒಪ್ಪತ್ತಾ?" ಎಂದು ದೊಡ್ಡಮ್ಮ ದಾರಿಯುದ್ದಕ್ಕೂ ಗೊಣಗಿದರು. ಒಂದು ದಿನ ತಿಂದರೆ ಒಳ್ಳೆಯದಾದರೆ ಏಳು ದಿನ ತಿಂದರೆ ಏಳು ಪಾಲು ಒಳ್ಳೆಯದಲ್ಲವೇ? ಈ ತರ್ಕ ಎಲ್ಲಿಗೆ ಹೋಗುತ್ತದೆಂದು ಎಂಟನೇ ನಂಬರಿನ ಚಪ್ಪಲಿ ಕೊಟ್ಟ ನನಗೆ ಗೊತ್ತು. ಮಾತ್ರೆಯ ಡಬ್ಬಿಯನ್ನು ಅಂಗಡಿಯ ಮೇಜಿನಲ್ಲಿಟ್ಟು ಬೀಗ ಹಾಕಿ, ಪ್ರತಿ ಭಾನುವಾರ ಆ ವಾರದ್ದನ್ನಷ್ಟೇ ತಂದು ಕೊಡುತ್ತಿದ್ದೆ.

ಎರಡು ವಾರಕ್ಕೂ ನೋವು ಇಳಿಯದಾಗ ದೊಡ್ಡಮ್ಮ, "ಆ ಹುಡುಗಿಗೆ ಎಂತದೂ ಗೊತ್ತಿಲ್ಲ" ಎಂದರು. ನಾಲ್ಕಕ್ಕೆ, "ನಾನು ಆಗಲೇ ಹೇಳಿದ್ದೆ." ಮಗಳನ್ನು ನಲುವತ್ತು ದಿನ ಬೇರೊಬ್ಬ ಹೆಂಗಸು ಬಂದು ಮೀಯಿಸಿದಳು. ದೊಡ್ಡಮ್ಮ ಬಚ್ಚಲಿನ ಬಾಗಿಲಲ್ಲಿ ಸ್ಟೂಲ್ ಹಾಕಿ ಕೂತು, "ಕುತ್ತಿಗೆಗೆ ಕೈ ಕೊಡು", "ಕಿವಿಗೆ ನೀರು ಹೋಯಿತು", "ಅದು ಮಗುವಾ, ಬೋಗುಣಿಯಾ?" ಎಂದು ಅವಳ ಜೀವ ತಿಂದರು. ಮೂರನೆಯ ತಿಂಗಳಿನಲ್ಲಿ ಒಂದು ಬೆಳಿಗ್ಗೆ ಆರಕ್ಕೇ ಅಡುಗೆಮನೆಯಿಂದ ತೆಂಗಿನಕಾಯಿ ಹೆರೆಯುವ ಸದ್ದು ಕೇಳಿ ನಾನೂ ಹೆಂಡತಿಯೂ ಮುಖ ಮುಖ ನೋಡಿಕೊಂಡೆವು. ದೊಡ್ಡಮ್ಮನನ್ನು ಕೇಳಿದರೆ ಎಣ್ಣೆಯಿಂದ ಗುಣವಾಯಿತು ಎನ್ನುತ್ತಿದ್ದರು.

ಮಗಳಿಗೆ ಏಳು ತಿಂಗಳು ತುಂಬಿದಾಗ ಒಂದು ಭಾನುವಾರ ಮಾತ್ರೆ ನುಂಗಿ, ಲೋಟ ಕೆಳಗಿಟ್ಟು, "ಇವತ್ತು ನಾನು ಮೀಯಿಸುವುದು" ಎಂದರು. ಬಚ್ಚಲಿನಲ್ಲಿ ಮಣೆಯ ಮೇಲೆ ಕೂತು ಕಾಲು ಚಾಚಿದರು. ಮಗಳನ್ನು ಮಕಾಡೆ ಮಲಗಿಸಿ ಹೊರಡಲು ಎದ್ದೆ.

"ಹೋಗಬೇಡ. ಇಲ್ಲಿ ಕೂತುಕೋ. ನನ್ನ ಕೈಯ ಅಡಿಗೆ ನಿನ್ನ ಕೈ ಇಡು."

ಇಟ್ಟೆ. ಮಗಳ ಎದೆಯಡಿಗೆ ಬಲಗೈ ಕೊಟ್ಟಿದ್ದ ಅವರು ಎಡಗೈಯಲ್ಲಿ ಹೊಯ್ದ ನೀರು ಬೆನ್ನಿಗೆ ಬಿದ್ದು, ಬಾಗಿದ ಆ ಎರಡು ಬೆರಳುಗಳ ಸಂದಿನಿಂದ ಇಳಿದು ನನ್ನ ಅಂಗೈಗೆ ಬಂತು. ಈ ಕೈಯ ಮೇಲೆ ನಾನೂ ಒಂದು ಕಾಲದಲ್ಲಿ ಮಲಗಿದ್ದೆ. ಆಗ ಅದರ ಅಡಿಗೆ ಯಾರ ಕೈಯೂ ಇರಲಿಲ್ಲ. ನಾಲ್ಕನೆಯ ತಂಬಿಗೆಗೆ ಮಗಳು ನಕ್ಕಳು.

"ಇನ್ನು ತೆಗೆ," ಎಂದರು.

ನಾನು ತೆಗೆಯಲಿಲ್ಲ.

"ತೆಗೆ ಮಗಾ. ಹಿಡಿದಿದ್ದೇನೆ."

ಓದುವ ನಿಮಗೆ ನನ್ನ ಸಲಹೆ ಇಷ್ಟು. ಒಂದು ಗಂಟು ಒಮ್ಮೆಲೇ ಕೆಂಪಾಗಿ ಉಬ್ಬಿದರೆ ತಿಕ್ಕಬೇಡಿ, ರಕ್ತ ನೋಡಿಸಿ. ಮೊಣಕಾಲು ಸವೆದಿದ್ದರೆ ತೂಕ ಇಳಿಸಿ, ಪುಕ್ಕಟೆಯ ವ್ಯಾಯಾಮವನ್ನು ಬಿಡದೆ ಮಾಡಿ. ಎರಡೂ ಕೈಯ ಗಂಟು ಸಮಸಮ ಬೀಗಿ, ಬೆಳಿಗ್ಗೆ ಒಂದು ಗಂಟೆ ಕಳೆದರೂ ಬಿಗಿ ಬಿಡದಿದ್ದರೆ ಒಂದು ತಿಂಗಳೂ ಕಾಯಬೇಡಿ. ಹೋದ ಗಂಟು ಯಾವ ಪೇಟೆಯಲ್ಲೂ ಸಿಗುವುದಿಲ್ಲ. ವಾರದ ಮಾತ್ರೆಯನ್ನು ವಾರಕ್ಕೇ ಕೊಡಿ, ಡಬ್ಬಿ ನಿಮ್ಮ ಹತ್ತಿರ ಇರಲಿ. ಮತ್ತು ಮನೆಯಲ್ಲಿ ಸದಾ ಒಂದು ಕೆಲಸ ಮಾಡುತ್ತಿದ್ದವರು ಇದ್ದಕ್ಕಿದ್ದಂತೆ ಅದು ಬೇಡ ಎಂದರೆ ಚರ್ಚೆ ಮಾಡಬೇಡಿ, ಮುಷ್ಟಿ ಕಟ್ಟಲು ಹೇಳಿ ನೋಡಿ. ಆಗಲಿಲ್ಲವೋ, ಬೆಳಗಿನ ಮೊದಲ ಬಸ್ಸಿಗೆ ಹೊರಡಿ. ಹತ್ತುವಾಗ ಹಿಂದಿನಿಂದ ನೀವು ಇರಿ, ಸೀಟು ಹಿಡಿದು ಕೂರಿಸಿ. ಕಂಬಿ ಹಿಡಿಯಲು ಅವರಿಂದ ಆಗುವುದಿಲ್ಲ. ಆಗುವುದಿಲ್ಲ ಎಂದು ಅವರು ಹೇಳುವುದೂ ಇಲ್ಲ.